ಪರ್ಸಿನೊಳಗಿನ ಥರ್ಮಾಮೀಟರ್

“ಮಗನಿಗೆ ಏಕಾಗ್ರತೆಯೇ ಇಲ್ಲ” ಎಂದು ಹೇಳಿಕೊಂಡು ಆಪ್ತಸಲಹೆಗೆ ನನ್ನ ಕೋಣೆಗೆ ಬರುವ ತಾಯಂದಿರಲ್ಲಿ ಎಷ್ಟೋ ಮಂದಿಗೆ ಹೇಳಬೇಕಾದದ್ದು ಬೇರೆಯೇ ಇರುತ್ತದೆ. ಮಗುವಿನ ಹೆಸರಿನಲ್ಲಿ ಚೀಟಿ ಮಾಡಿಸಿ ತಮ್ಮ ನೋವನ್ನು ತೋರಿಸಲು ಬಂದಿರುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ನಮ್ಮ ಮನೆಗಳಲ್ಲಿ ತಾಯಿಯಾದವಳು ತನಗೆಂದು ಒಂದು ಗಂಟೆ ಬಿಡುವು ಕೇಳುವುದಕ್ಕಿಂತ ಮಗುವಿಗೆಂದು ಕೇಳುವುದು ಸುಲಭ.

2022ರ ಫೆಬ್ರವರಿ ನಡುವಿನಲ್ಲಿ ಬಂದ ಇವರನ್ನು ವನಿತಾ ಎನ್ನುತ್ತೇನೆ. ವಯಸ್ಸು 37, ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಗಂಡ ಸಾಫ್ಟ್‌ವೇರ್ ಸಹಾಯವಾಣಿಯೊಂದರಲ್ಲಿ ರಾತ್ರಿ ಪಾಳಿ. ಎರಡು ವರ್ಷದಿಂದ ಮನೆಯಿಂದಲೇ ಕೆಲಸ. ಅತ್ತೆಗೆ 71, ಸಕ್ಕರೆ ಕಾಯಿಲೆ. ಮೊದಲ ಲಾಕ್‌ಡೌನ್‌ಗೆ ಮುಂಚೆ ಹದಿನೈದು ದಿನಕ್ಕೆಂದು ಊರಿನಿಂದ ಬಂದವರು ಇಲ್ಲಿಯೇ ಉಳಿದಿದ್ದಾರೆ. ಮಗ ಸುಹಾಸನಿಗೆ ಎಂಟು ವರ್ಷ, ಮೂರನೆಯ ತರಗತಿ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬ್ಯಾಂಕಿನ ಕೀಲಿಯ ವಿಷಯವನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೆಯೇ ಬಿಟ್ಟಿದ್ದೇನೆ, ಅದಿಲ್ಲದೆ ಈ ಪ್ರಕರಣವೇ ಇಲ್ಲ.

ಮೊದಲ ದಿನ ಹುಡುಗನೂ ಜೊತೆಯಲ್ಲಿ ಬಂದಿದ್ದ. ಬಾಗಿಲಲ್ಲೇ ನಿಂತು, ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, “ಮೇಡಂ, ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆಯೇ?” ಎಂದು ಕೇಳಿದ. ಇಲ್ಲ ಎಂದೆ. ಆಮೇಲೆ ಬಂದು ಕುಳಿತ. ಮಕ್ಕಳು ಏನೇನೋ ಕೇಳುತ್ತಾರೆ, ನಾನು ಅದನ್ನು ಅಷ್ಟಕ್ಕೇ ಬಿಟ್ಟೆ. ಬಿಡಬಾರದಿತ್ತು.

ತಾಯಿ ಮಾತನಾಡುತ್ತಿದ್ದರು: ಮಗ ಪಾಠದ ಮೇಲೆ ಗಮನ ಇಡುವುದಿಲ್ಲ, ಎರಡನೆಯ ತರಗತಿಯನ್ನು ಪೂರ್ತಿ ಮೊಬೈಲ್ ಮುಂದೆ ಕಳೆದ, ಕಾಗುಣಿತ ಮರೆತಿದ್ದಾನೆ. ಮಾತಿನ ನಡುವೆ ನಾಲ್ಕು ಸಲ ಅವರ ಅಂಗೈಯ ಹಿಂಭಾಗ ಮಗನ ಕುತ್ತಿಗೆಗೆ ಹೋಗಿ ಬಂತು. ಐದನೆಯ ಸಲ ಪರ್ಸಿನಿಂದ ಡಿಜಿಟಲ್ ಥರ್ಮಾಮೀಟರ್ ಹೊರಬಂತು. ಹುಡುಗ ಚಿತ್ರಪುಸ್ತಕದಿಂದ ಕಣ್ಣು ತೆಗೆಯದೆ, ಯಾರೂ ಹೇಳದೆ, ಎಡತೋಳನ್ನು ಎತ್ತಿದ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಪಾಸ್ ತೋರಿಸುವವರ ಹಾಗೆ. ‘ಪೀಂ’ ಎಂದಿತು. 97.9. ತಾಯಿ ಅಂಕಿ ನೋಡಿ ಉಸಿರು ಬಿಟ್ಟು, ಥರ್ಮಾಮೀಟರನ್ನು ಒರೆಸಿ ಒಳಗಿಟ್ಟು, ಮಾತನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು. ತಾವು ಅದನ್ನು ತೆಗೆದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

“ದಿನಕ್ಕೆ ಎಷ್ಟು ಸಲ ನೋಡುತ್ತೀರಿ?” ಎಂದು ಕೇಳಿದೆ.

“ಯಾವುದನ್ನು?” ಎಂದರು. ಆಮೇಲೆ ಲೆಕ್ಕ ಹಾಕಿ ಹೇಳಿದ್ದು: ಮನೆಯಲ್ಲಿರುವಾಗ ಹದಿನೈದು, ಹದಿನಾರು. ಬ್ಯಾಂಕಿನಲ್ಲಿರುವಾಗ ಅತ್ತೆಗೆ ಫೋನ್ ಮಾಡಿ ಮೂರು, ನಾಲ್ಕು. ಜನವರಿ 31ಕ್ಕೆ ಶಾಲೆ ಮತ್ತೆ ತೆರೆದ ಮೇಲೆ ಹನ್ನೊಂದು ದಿನಗಳಲ್ಲಿ ಹುಡುಗ ಶಾಲೆಗೆ ಹೋದದ್ದು ನಾಲ್ಕು ದಿನ. ಒಂದು ಸೀನು ಬಂದರೆ ಮನೆ, ಗಂಟಲು ಕೆರೆದರೆ ಮನೆ.

ಮುಂದಿನ ಭೇಟಿಗೆ ಒಬ್ಬರೇ ಬನ್ನಿ ಎಂದೆ. ಬಂದರು. ಬಾಗಿಲು ಹಾಕಿಕೊಂಡು ಕುಳಿತ ಮೇಲೆ ಸುಮಾರು ಹತ್ತು ನಿಮಿಷ ಹವಾಮಾನ, ಟ್ರಾಫಿಕ್ ಎಲ್ಲ ಆಯಿತು. ಆಮೇಲೆ ಹೇಳಿದರು: “ನಮ್ಮ ಅತ್ತೆಯನ್ನು ನಾನು ಕೊಂದುಬಿಡುತ್ತಿದ್ದೆ.”

ಆ ವಾರ

ಆ ಜನವರಿ ಹೇಗಿತ್ತು ಎಂಬುದನ್ನು ನಾವೆಲ್ಲ ಬೇಗನೇ ಮರೆತಿದ್ದೇವೆ. ಕೊರೊನಾದ ಒಮೈಕ್ರಾನ್ ತಳಿ ಹೊಸದಾಗಿ ಕಾಲಿಟ್ಟಿತ್ತು. ಪಕ್ಕದ ಮನೆ, ಎದುರು ಮನೆ, ಕಚೇರಿಯ ಪಕ್ಕದ ಕುರ್ಚಿ, ಎಲ್ಲೆಲ್ಲೂ ಕೆಮ್ಮು. ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಪರದಾಡಿದ ನೆನಪು ಎಂಟೇ ತಿಂಗಳು ಹಳೆಯದು. ಹೊಸ ಅಲೆ ಅಷ್ಟು ಮಾರಕವಲ್ಲ ಎಂದು ಈಗ ಹೇಳುವುದು ಸುಲಭ, ಜನವರಿಯ ಮೊದಲ ವಾರದಲ್ಲಿ ಅದನ್ನು ಎದೆ ತಟ್ಟಿ ಹೇಳುವವರು ಯಾರೂ ಇರಲಿಲ್ಲ.

ಭಾನುವಾರ, ಜನವರಿ 2ರ ರಾತ್ರಿ ಸುಹಾಸನ ಮೈ ಬೆಚ್ಚಗಿತ್ತು. 99.6. ಕ್ರಿಸ್‌ಮಸ್ ರಜೆ ಮುಗಿದು ಬೆಳಗಾದರೆ ಶಾಲೆ. ವನಿತಾ ಅವರ ಕೈಚೀಲದಲ್ಲಿ ಶಾಖೆಯ ಭದ್ರತಾ ಕೊಠಡಿಯ ಕೀಲಿ ಇತ್ತು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗದು ಇಡುವ ಕೊಠಡಿಗೆ ಎರಡು ಕೀಲಿ, ಇಬ್ಬರ ಬಳಿ ಒಂದೊಂದು. ಇಬ್ಬರೂ ಒಟ್ಟಿಗೆ ನಿಂತು ತಿರುಗಿಸಿದರೆ ಮಾತ್ರ ಬಾಗಿಲು. ಒಂದು ಕೀಲಿ ಮುಖ್ಯ ಕ್ಯಾಷಿಯರ್ ಬಳಿ, ಇನ್ನೊಂದು ಇವರ ಬಳಿ. ಇವರು ಹೋಗದಿದ್ದರೆ ನಗದು ಹೊರಬರುವುದಿಲ್ಲ. ತಿಂಗಳ ಮೊದಲ ಸೋಮವಾರ, ಪಿಂಚಣಿಯವರು ಒಂಬತ್ತೂವರೆಗೇ ಶಟರ್ ಮುಂದೆ ಸಾಲು ನಿಂತಿರುತ್ತಾರೆ.

ಬೆಳಿಗ್ಗೆ 100.4 ಇತ್ತು. ಗಂಡ ರಾತ್ರಿ ಪಾಳಿ ಮುಗಿಸಿ ಐದಕ್ಕೆ ಮಲಗಿದ್ದರು. ವನಿತಾ ಅಡುಗೆಮನೆಯಲ್ಲಿ ನಿಂತು ಪ್ಯಾರಾಸಿಟಮಾಲ್ ಸಿರಪ್ಪಿನ ಮುಚ್ಚಳದಲ್ಲಿ ಐದು ಎಂಎಲ್ ಅಳೆದು ಮಗನಿಗೆ ಕುಡಿಸಿದರು. ಏಳೂಮುಕ್ಕಾಲಿಗೆ ಹಣೆ ತಣ್ಣಗಾಗಿತ್ತು. ವ್ಯಾನ್ ಬಂತು. ಹತ್ತಿಸುವಾಗ ಹೇಳಿದರು: “ಗೇಟಿನಲ್ಲಿ ಕೇಳಿದರೆ ಜ್ವರ ಇರಲಿಲ್ಲ ಎನ್ನು.” ಗೇಟಿನಲ್ಲಿ ಹಣೆಗೆ ಪಿಸ್ತೂಲು ಹಿಡಿದಂತೆ ಹಿಡಿಯುವ ಆ ಯಂತ್ರ ಹಸಿರು ತೋರಿಸಿ ಒಳಗೆ ಬಿಟ್ಟಿತು. ಆ ಸೋಮವಾರವೇ ದೇಶದಲ್ಲಿ 15ರಿಂದ 18ರ ಮಕ್ಕಳಿಗೆ ಲಸಿಕೆ ಆರಂಭವಾಗಿತ್ತು. ಶಾಲೆಯ ದೊಡ್ಡ ಮಕ್ಕಳು ಅದೇ ಸಡಗರದಲ್ಲಿದ್ದರಂತೆ. ಎಂಟರ ಹುಡುಗರಿಗೆ ಲಸಿಕೆ ಇರಲಿಲ್ಲ.

ಹನ್ನೆರಡೂವರೆಗೆ ಶಾಲೆಯಿಂದ ಫೋನ್. ಮಗು ಡೆಸ್ಕಿನ ಮೇಲೆ ತಲೆ ಇಟ್ಟಿದೆ, ಮೈ ಸುಡುತ್ತಿದೆ, ಕರೆದುಕೊಂಡು ಹೋಗಿ. ಕೌಂಟರಿನ ಮುಂದೆ ಇನ್ನೂ ಸಾಲು ಕರಗಿರಲಿಲ್ಲ. ಗಂಡನಿಗೆ ಆರು ಸಲ ಫೋನ್ ಮಾಡಿದರು. ಮಲಗುವಾಗ ಮೊಬೈಲನ್ನು ಮೂಕವಾಗಿಸುವುದು ರಾತ್ರಿ ಪಾಳಿಯವರ ಅಭ್ಯಾಸ. ಕೊನೆಗೆ ಮನೆಯ ಸ್ಥಿರ ದೂರವಾಣಿಗೆ ಮಾಡಿದಾಗ ಎತ್ತಿದ್ದು ಅತ್ತೆ. “ಅವನು ಈಗಷ್ಟೇ ಕಣ್ಣು ಮುಚ್ಚಿದ್ದಾನೆ, ಎಬ್ಬಿಸುವುದು ಬೇಡ. ನಾನೇ ಹೋಗುತ್ತೇನೆ ಬಿಡು” ಎಂದರು. ಆಟೋ ಹಿಡಿದು ಹೋದರು. ಬರುವಾಗ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸೆರಗಿನಿಂದ ಗಾಳಿ ಹಾಕಿಕೊಂಡು ಬಂದರು. ಜ್ವರ ಬಂದ ಮಗುವನ್ನು ಯಾವ ಅಜ್ಜಿಯೂ ಆರಡಿ ದೂರ ಕೂರಿಸುವುದಿಲ್ಲ.

ಮಂಗಳವಾರ ಮಗುವನ್ನು ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ವನಿತಾ ಮ್ಯಾನೇಜರಿಗೆ ಫೋನ್ ಮಾಡಿದರು. ಎಂಟೂ ನಲವತ್ತಕ್ಕೆ ಸಹೋದ್ಯೋಗಿಯೊಬ್ಬರು ಸ್ಕೂಟರಿನಲ್ಲಿ ಮನೆಯ ಗೇಟಿಗೆ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಕೀಲಿ ಹಸ್ತಾಂತರದ ಪುಸ್ತಕ. ಗೇಟಿನ ಸರಳುಗಳ ನಡುವೆ ಕೀಲಿ ಆಚೆ ಹೋಯಿತು, ಅದರ ಮೇಲೆ ಸ್ಯಾನಿಟೈಸರ್ ಸುರಿದಾಯಿತು. ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಬಿಡಿಸಿ ದಿನಾಂಕ, ಸಮಯ, ಕೀಲಿಯ ಸಂಖ್ಯೆ, ಕೊಟ್ಟವರ ಸಹಿ, ಪಡೆದವರ ಸಹಿ. ಹತ್ತು ನಿಮಿಷದ ಕೆಲಸ. ಹೊರಡುವಾಗ ಆತ, “ಮೊನ್ನೆ ರಾತ್ರಿಯೇ ಹೇಳಿದ್ದರೆ ನಿನ್ನೆಯೇ ಬರುತ್ತಿದ್ದೆನಲ್ಲ ಮೇಡಂ, ನಾನು ಭಾನುವಾರವೇ ಊರಿನಿಂದ ಬಂದಿದ್ದೆ” ಎಂದು ಸಹಜವಾಗಿ ಹೇಳಿ ಹೋದ. ವನಿತಾ ಅವರ ಎದೆಗೆ ಚುಚ್ಚಿಕೊಂಡದ್ದು ಇದು. ಹೊಸ ವರ್ಷದ ಹನ್ನೆರಡು ಸಾಂದರ್ಭಿಕ ರಜೆಗಳೂ ಇದ್ದವು, ಬದಲಿ ವ್ಯಕ್ತಿಯೂ ಇದ್ದ. ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು.

ಅದೇ ದಿನ ರಾತ್ರಿ ಟೀವಿಯಲ್ಲಿ ಬಂತು: ಗುರುವಾರ, ಜನವರಿ 6ರಿಂದ ಬೆಂಗಳೂರಿನಲ್ಲಿ 1ರಿಂದ 9ನೆಯ ತರಗತಿಗಳು ಬಂದ್, ವಾರಾಂತ್ಯ ಕರ್ಫ್ಯೂ. ಬುಧವಾರ ಸುಹಾಸನ ವರದಿ ಪಾಸಿಟಿವ್ ಬಂತು, ವನಿತಾ ಶಾಲೆಗೆ ತಿಳಿಸಿದರು. ಮಧ್ಯಾಹ್ನ ಶಾಲೆಯಿಂದ ಎಲ್ಲರಿಗೂ ಸಂದೇಶ: ಮೂರನೆಯ ತರಗತಿಯ ಆ ವಿಭಾಗದ ಮಕ್ಕಳೆಲ್ಲ ಏಳು ದಿನ ಮನೆಯಲ್ಲೇ ಇರಬೇಕು, ಹೊರಗೆ ಬಿಡಬಾರದು. ಸಂಜೆಯ ಹೊತ್ತಿಗೆ ಇನ್ನೂ ಮೂರು ಮಕ್ಕಳಿಗೆ ಜ್ವರ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: “ಜ್ವರ ಇರುವ ಮಗುವನ್ನು ಶಾಲೆಗೆ ಅಟ್ಟುವ ತಂದೆತಾಯಿಗಳಿಗೆ ಏನು ಹೇಳಬೇಕು?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯ ಮಾತು. ಇವರು ಹೆಗಲು ಮುಟ್ಟಿಕೊಳ್ಳಲಿಲ್ಲ. ಎಲ್ಲರ ಜೊತೆ ತಾವೂ ಬರೆದರು: “ಹೌದು, ತುಂಬ ಬೇಜವಾಬ್ದಾರಿ.”

ಗುರುವಾರದಿಂದ ಮನೆ ಮೂರು ದೇಶವಾಯಿತು. ಮಲಗುವ ಕೋಣೆಯಲ್ಲಿ ತಾಯಿ, ಮಗ. ಅಜ್ಜಿ ಹಾಲಿನಲ್ಲಿ. ಗಂಡ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಒಗ್ಗರಣೆ ಡಬ್ಬಿ. ಬೆಳಿಗ್ಗೆ ಆನ್‌ಲೈನ್ ತರಗತಿ. ಜ್ವರವಿದ್ದರೂ ಹುಡುಗ ಹಾಜರಿ ಹೇಳಬೇಕೆಂದು ಹಟ ಹಿಡಿದ. ನೆಗಡಿ ಆರಂಭವಾಗಿದ್ದ ವನಿತಾ ಹಾಸಿಗೆಯ ಮೇಲಿನಿಂದಲೇ ಶಾಖೆಯ ಫೋನುಗಳಿಗೆ ಉತ್ತರ ಕೊಟ್ಟರು. ಊಟದ ತಟ್ಟೆ ಬಾಗಿಲ ಬಳಿ ಇಡುವುದು, ಪಾತ್ರೆ ಬೇರೆ ತೊಳೆಯುವುದು, ಪಾಲಿಕೆಯಿಂದ ಬರುವ ಫೋನಿಗೆ ಅದೇ ವಿವರಗಳನ್ನು ಮತ್ತೆ ಹೇಳುವುದು, ಇವನ್ನೆಲ್ಲ ನೀವೂ ಮಾಡಿರುತ್ತೀರಿ, ವಿಸ್ತರಿಸುವುದಿಲ್ಲ.

ಶುಕ್ರವಾರ ರಾತ್ರಿ ಹತ್ತಕ್ಕೆ ಕರ್ಫ್ಯೂ ಶುರು. ಹನ್ನೊಂದಕ್ಕೆ ಅತ್ತೆಗೆ ನಡುಕ ಬಂತು. ಜ್ವರ 102, ಸಕ್ಕರೆ 310. ಆಕ್ಸಿಮೀಟರಿನಲ್ಲಿ 95, 94, ಮತ್ತೆ 95. ವೈದ್ಯರು ಫೋನಿನಲ್ಲಿ, 94ಕ್ಕಿಂತ ಕೆಳಗೆ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ ಎಂದರು. ಗಂಡ ಆ ರಾತ್ರಿ ಕೆಲಸಕ್ಕೆ ಲಾಗಿನ್ ಆಗಿಯೇ ಇದ್ದರು. ಗ್ರಾಹಕರ ದೂರುಗಳನ್ನು ದಾಖಲಿಸುವ ಹಾಳೆಯ ಪಕ್ಕದಲ್ಲಿ ಅರ್ಧ ಗಂಟೆಗೊಮ್ಮೆ ಅಮ್ಮನ ಆಮ್ಲಜನಕದ ಅಂಕಿ ಬರೆದರು. ಬೆಳಗಿನ ಜಾವ ನಾಲ್ಕಕ್ಕೆ 96 ಬಂತು. ಆಮೇಲೆ ಇಳಿಯಲಿಲ್ಲ. ಎರಡು ವಾರದಲ್ಲಿ ಅಜ್ಜಿ ಎದ್ದು ಓಡಾಡಿದರು, ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಿದರು. ಮನೆಯವರೆಲ್ಲ ಗಂಡಾಂತರ ಕಳೆಯಿತು ಎಂದುಕೊಂಡರು.

ವನಿತಾ ಅವರಿಗೆ ಕಳೆದಿರಲಿಲ್ಲ. ಆ ಐದು ಎಂಎಲ್ ವಿಷಯ ಅವರಿಗೆ ಮತ್ತು ಮಗನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಾಗೆಂದು ಅವರು ತಿಳಿದಿದ್ದರು.

ನಾನು ಮಾಡಿದ ತಪ್ಪು

ಇಷ್ಟು ಕೇಳಿದ ಮೇಲೆ ನಾನು ಹೇಳಿದ್ದು: “ಎರಡು ದಿನ ಕಳೆದರೆ ಸರ್ಕಾರವೇ ಊರಿನ ಶಾಲೆಗಳನ್ನೆಲ್ಲ ಮುಚ್ಚಿತಲ್ಲ. ಆ ವಾರ ಯಾರಿಂದ ಯಾರಿಗೆ ಬಂತು ಎಂದು ಹೇಳಲು ದೇವರಿಂದಲೂ ಆಗದು.” ಮಾತು ನಿಜವೇ. ವನಿತಾ ತಲೆಯಾಡಿಸಿದರು, ಥ್ಯಾಂಕ್ಸ್ ಹೇಳಿ ಎದ್ದರು, ಮುಂದಿನ ವಾರ ಬರಲಿಲ್ಲ.

ಸಮಾಧಾನ ಹೇಳುವುದು ನಮ್ಮ ವೃತ್ತಿಯವರ ದೊಡ್ಡ ಚಟ. ಎದುರಿಗಿರುವವರ ಸಂಕಟವನ್ನು ನೋಡಲಾಗದೆ ನಾವು ಬೇಗ ಬೇಗ ಮುಲಾಮು ಹಚ್ಚುತ್ತೇವೆ. ಆಕೆ ನನ್ನ ಬಳಿ ಬಂದದ್ದು ತಾನು ಮಾಡಿದ್ದನ್ನು ಯಾರಾದರೂ ಒಬ್ಬರು ಪೂರ್ತಿ ನೋಡಲಿ ಎಂದು. ನಾನು ಅರ್ಧ ನೋಡಿ ಬಟ್ಟೆ ಮುಚ್ಚಿದ್ದೆ. ಎರಡು ವಾರ ಬಿಟ್ಟು ನಾನೇ ಫೋನ್ ಮಾಡಿ, “ಆ ದಿನ ನಾನು ಅವಸರಪಟ್ಟೆ, ಬನ್ನಿ” ಎಂದೆ. ಬಂದರು.

ಈ ಸಲ ಕಾಗದದ ಮೇಲೆ ಒಂದು ವೃತ್ತ ಬರೆದು ಮುಂದಿಟ್ಟೆ. ಅತ್ತೆಗೆ ಸೋಂಕು ತಗಲಿದ್ದಕ್ಕೆ ಏನೇನು ಕಾರಣ ಇರಬಹುದು, ಎಲ್ಲವನ್ನೂ ಪಟ್ಟಿ ಮಾಡಿ, ನಿಮ್ಮ ಪಾಲನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ ಎಂದೆ. ಪಾಲು ಹಂಚುವ ಈ ಕ್ರಮ ಆಪ್ತಸಲಹೆಯಲ್ಲಿ ಹಳೆಯದು, ತಪ್ಪಿತಸ್ಥ ಭಾವ ಉಕ್ಕಿ ಹರಿಯುವವರಿಗೆ ಉಪಯೋಗಕ್ಕೆ ಬರುತ್ತದೆ. ಬ್ಯಾಂಕಿನವರಲ್ಲವೇ, ಶೇಕಡಾವಾರು ಹಾಕಿದರು. ವೈರಾಣುವಿಗೆ ಒಂದು ಪಾಲು. ಹೊಸ ವರ್ಷದ ದಿನ ಮನೆಗೆ ಬಂದ ನೆಂಟರಿಗೆ ಒಂದು. ಒಂದೇ ಸೂರಿನ ಕೆಳಗೆ ಎರಡು ಕೋಣೆಯಲ್ಲಿ ನಾಲ್ಕು ಜನ ಇರುವುದಕ್ಕೆ ಒಂದು. ಹುಡುಗ ಸೋಮವಾರ ಮನೆಯಲ್ಲೇ ಇದ್ದಿದ್ದರೂ ಅಜ್ಜಿಯ ಮಡಿಲಲ್ಲೇ ಇರುತ್ತಿದ್ದ. ಎತ್ತದ ಫೋನಿಗೆ ಒಂದು. ಕೊನೆಗೆ ತಮಗೆ ಉಳಿದದ್ದು 15 ಎಂದು ಬರೆದು, ಬಹಳ ಹೊತ್ತು ಅದನ್ನೇ ನೋಡಿದರು.

“ಈ ಹದಿನೈದನ್ನು ನಾನು ಅಳಿಸುವುದಿಲ್ಲ” ಎಂದೆ. “ಮಗುವಿಗೆ ಜ್ವರ ಇದೆ ಎಂದು ಗೊತ್ತಿದ್ದೂ ಔಷಧಿಯಿಂದ ಮರೆಮಾಡಿ ಕಳುಹಿಸಿದಿರಿ. ಅದು ತಪ್ಪು. ಆದರೆ ಹದಿನೈದರ ತಪ್ಪಿಗೆ ನೂರರ ಶಿಕ್ಷೆ ಅನುಭವಿಸುತ್ತಿದ್ದೀರಿ. ನಿಮ್ಮ ಜೊತೆಗೆ ಮಗನೂ ಅನುಭವಿಸುತ್ತಿದ್ದಾನೆ.”

ಅಳು ಬಂದದ್ದು ಆಗ.

ಕೊಟ್ಟ ಸಲಹೆ

ಮೊದಲನೆಯದು ಮಗನ ವಿಷಯ. ಬಾಗಿಲಲ್ಲಿ ನಿಂತು ಅವನು ಕೇಳಿದ ಪ್ರಶ್ನೆ ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅಜ್ಜಿ ಇರುವ ಮನೆಗಳಿಗೆ ತಾನು ಅಪಾಯ ಎಂದು ಆ ಮಗು ನಂಬಿತ್ತು. ಗೇಟಿನಲ್ಲಿ ಸುಳ್ಳು ಹೇಳಿದವನು ತಾನು, ಆಟೋದಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿದವನು ತಾನು. ದಿನಕ್ಕೆ ಹದಿನಾರು ಸಲ ತೋಳೆತ್ತುವ ಹುಡುಗ ಕಾಗುಣಿತದ ಮೇಲೆ ಗಮನ ಇಡುವುದಾದರೂ ಹೇಗೆ? ಇಂಥ ಮಕ್ಕಳಿಗೆ ಏಕಾಗ್ರತೆಯ ಕೊರತೆ ಇರುವುದಿಲ್ಲ. ಅವರ ಏಕಾಗ್ರತೆಯೆಲ್ಲ ಬೇರೆ ಒಂದೇ ಕಡೆ ನೆಟ್ಟಿರುತ್ತದೆ.

ತಾಯಿಗೆ ಹೇಳಿಕೊಟ್ಟದ್ದು ಇಷ್ಟು. ಹುಡುಗನ ಪಕ್ಕದಲ್ಲಿ ಕುಳಿತು, ಬೇರೆ ಯಾವುದಾದರೂ ಕೆಲಸ ಮಾಡುತ್ತ, ಬಟಾಣಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಹೇಳಿ: “ಆ ದಿನ ನಿನಗೆ ಜ್ವರ ಇತ್ತು. ನಿನ್ನನ್ನು ಕಳುಹಿಸಿದ್ದು ನಾನು, ಸುಳ್ಳು ಹೇಳಿಸಿದ್ದು ನಾನು. ಅದು ನನ್ನ ತಪ್ಪು, ನಿನ್ನದಲ್ಲ. ಅಜ್ಜಿಗೆ ಈಗ ವಾಸಿಯಾಗಿದೆ.” ಇದಕ್ಕಿಂತ ಉದ್ದ ಮಾಡಬೇಡಿ, ಅತ್ತು ಅವನಿಂದ ಸಮಾಧಾನ ಮಾಡಿಸಿಕೊಳ್ಳಬೇಡಿ. ಎಂಟು ವರ್ಷದ ಮಗು ತಾಯಿಯನ್ನು ಸಂತೈಸುವ ಕೆಲಸಕ್ಕೆ ನಿಲ್ಲಬಾರದು. ಅವನು ಏನೂ ಹೇಳದಿದ್ದರೆ ಬಿಡಿ.

ಅವನು ಹೇಳಿದ್ದು, “ಹಾಗಾದರೆ ನಾನು ಅಜ್ಜಿಯ ಪಕ್ಕದಲ್ಲಿ ಮಲಗಬಹುದೇ?” ಎಂದಂತೆ. ಜನವರಿಯಿಂದ ಅವನು ಒಬ್ಬನೇ ಗೋಡೆಯ ಕಡೆ ಮಲಗುತ್ತಿದ್ದ. ದೊಡ್ಡವನಾಗುತ್ತಿದ್ದಾನೆ ಎಂದು ಮನೆಯವರು ಅದನ್ನು ಮೆಚ್ಚಿಕೊಂಡಿದ್ದರು.

ಎರಡನೆಯದು ಥರ್ಮಾಮೀಟರ್. ಒಂದೇ ದಿನ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಕದ್ದು ನೋಡುತ್ತಾರೆ. ಮೊದಲ ವಾರ ಅದು ಪರ್ಸಿನಿಂದ ಹೊರಬಂದು ಫ್ರಿಜ್ಜಿನ ಮೇಲೆ ಕೂರಬೇಕು. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ, ರಾತ್ರಿ, ನಾಲ್ಕೇ ಸಲ. ಎರಡನೆಯ ವಾರ ಬೆಳಿಗ್ಗೆ, ರಾತ್ರಿ. ಮೂರನೆಯ ವಾರದಿಂದ, ಮಗು ಮಂಕಾಗಿ ಕಂಡರೆ ಅಥವಾ ತಾನೇ ಹೇಳಿದರೆ ಮಾತ್ರ. ನೋಡಬೇಕು ಎಂಬ ತುಡಿತ ಬಂದಾಗ ಹತ್ತು ನಿಮಿಷ ಮುಂದೂಡಿ, ಅಷ್ಟು ಹೊತ್ತು ಎದೆ ಹೊಡೆದುಕೊಳ್ಳಲಿ, ಬಿಡಿ. ಆತಂಕ ತಾನಾಗಿ ಇಳಿಯುತ್ತದೆ ಎಂಬುದನ್ನು ಮಾತಿನಿಂದ ನಂಬಿಸಲು ಆಗುವುದಿಲ್ಲ, ಇಳಿಯುವುದನ್ನು ಅವರೇ ನೋಡಬೇಕು. ಅತ್ತೆಗೆ ಫೋನ್ ಮಾಡಿ ಕೇಳುವುದೂ ನೋಡಿದ ಲೆಕ್ಕವೇ ಎಂದು ಹೇಳಿದೆ. ಅದಕ್ಕೆ ಮುಖ ಸಣ್ಣದು ಮಾಡಿಕೊಂಡರು.

ಶಾಲೆಗೆ ಕಳುಹಿಸುವುದಕ್ಕೆ ಒಂದು ನಿಯಮ ಬೇಕಿತ್ತು, ಭಯಕ್ಕಿಂತ ಗಟ್ಟಿಯಾದದ್ದು. ಔಷಧಿ ಇಲ್ಲದೆ ಇಪ್ಪತ್ತನಾಲ್ಕು ಗಂಟೆ ಜ್ವರ ಇಲ್ಲದಿದ್ದರೆ, ಮಗು ಉಂಡು ಆಡಿಕೊಂಡಿದ್ದರೆ ಶಾಲೆ. ಇಲ್ಲದಿದ್ದರೆ ಮನೆ. ಸೀನಿಗೆ ರಜೆ ಇಲ್ಲ.

ಇನ್ನು ಮೂರನೆಯದು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆ. ಗಂಡನನ್ನೂ ಕರೆಸಿದೆ. ಆತ ಒಳ್ಳೆಯ ಮನುಷ್ಯ. ಸಿರಪ್ಪಿನ ವಿಷಯ ವನಿತಾ ಅವರೇ ಹಿಂದಿನ ದಿನ ಹೇಳಿದ್ದರಂತೆ. ರಾತ್ರಿಯಿಡೀ ಮಾತಿರಲಿಲ್ಲ. ನನ್ನ ಮುಂದೆ ಆತ ಕೇಳಿದ್ದು ಒಂದೇ: “ನನ್ನನ್ನು ಎಬ್ಬಿಸಬಹುದಿತ್ತಲ್ಲ?”

“ಎಬ್ಬಿಸಿದರೆ ಸಿಡುಕುತ್ತೀರಿ” ಎಂದರು ವನಿತಾ.

“ಸಿಡುಕುತ್ತೇನೆ. ಆದರೆ ಏಳುತ್ತಿದ್ದೆ.”

ಇಬ್ಬರ ಮಾತೂ ನಿಜ ಎಂದು ನನಗೆ ಅನ್ನಿಸಿತು. ರಾತ್ರಿ ಪಾಳಿಯವರು ಮನೆಯಲ್ಲಿ ಇದ್ದೂ ಇಲ್ಲದವರು. ಹಗಲಿನಲ್ಲಿ ಅವರ ನಿದ್ದೆ ಮನೆಯವರಿಗೆಲ್ಲ ಮಡಿ; ಮುಟ್ಟುವಂತಿಲ್ಲ. ಆ ಮಡಿಯನ್ನು ಕಟ್ಟಿದ್ದು ಗಂಡನಲ್ಲ, ಅಮ್ಮ ಮತ್ತು ಹೆಂಡತಿ ಸೇರಿ ಕಟ್ಟಿದ್ದು, ಆತ ಒಳಗೆ ಸುಖವಾಗಿ ಮಲಗಿದ್ದರು. ಗಂಡಸರು ಸಾಮಾನ್ಯವಾಗಿ ಇಂಥ ಮಡಿಯನ್ನು ಮುರಿಯಲು ಅವಸರ ಮಾಡುವುದಿಲ್ಲ.

ನಾನು ವನಿತಾ ಅವರನ್ನು ಕೇಳಿದೆ: “ಕೀಲಿ ಕೊಡಲು ಬಂದ ಆ ಪುಸ್ತಕದಲ್ಲಿ ಏನೇನು ಬರೆಯುತ್ತೀರಿ?” ದಿನಾಂಕ, ಸಮಯ, ಯಾವ ಕೀಲಿ, ಕೊಟ್ಟವರು, ಪಡೆದವರು ಎಂದರು. “ಸಹಿ ಆದ ಮೇಲೆ ಆ ಕೀಲಿ ಯಾರ ಚಿಂತೆ?” “ಪಡೆದವರದು.” “ಮನೆಗೆ ಬಂದು ಮತ್ತೆ ಮತ್ತೆ ಫೋನ್ ಮಾಡಿ ಕೀಲಿ ಎಲ್ಲಿಟ್ಟಿರಿ ಎಂದು ಕೇಳುತ್ತೀರೇನು?” “ಛೆ, ಇಲ್ಲ” ಎಂದು ನಕ್ಕರು. “ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಆ ಕೀಲಿ ಯಾರ ಬಳಿ ಇರುತ್ತದೆ?” ಎಂದಾಗ ಇಬ್ಬರೂ ಸುಮ್ಮನಾದರು. ಮನೆಯಲ್ಲಿ ಯಾವ ಕೀಲಿಯನ್ನೂ ಯಾರೂ ಯಾರಿಗೂ ಕೊಟ್ಟಿರಲಿಲ್ಲ. ಎಲ್ಲವೂ ಒಬ್ಬರ ಸೊಂಟದಲ್ಲೇ ತೂಗಾಡುತ್ತಿದ್ದವು. ಬೇರೆಯವರು ಮಾಡುತ್ತಿದ್ದದ್ದು ‘ಸಹಾಯ’.

ಆ ದಿನ ಕುಳಿತು ಜ್ವರದ ದಿನಕ್ಕೆ ಒಂದು ಕರಾರು ಮಾಡಿದೆವು. ಬೆಳಿಗ್ಗೆ ಆರರೊಳಗೆ ನಿರ್ಧಾರ. ಮಗು ಮನೆಯಲ್ಲಿ ಉಳಿದರೆ ಗಂಡನನ್ನು ಎಬ್ಬಿಸಿ, ಬಾಯಿ ಬಿಟ್ಟು “ಇವತ್ತಿನ ಕೀಲಿ ನಿಮ್ಮದು” ಎಂದು ಹೇಳಬೇಕು. ಅವರು “ನನ್ನದು” ಎನ್ನಬೇಕು. ಮಧ್ಯಾಹ್ನ ಎರಡರವರೆಗೆ ಅವರದು, ಆಮೇಲೆ ವನಿತಾ ಅರ್ಧ ದಿನ ರಜೆ ಹಾಕಿ ಬಂದು ಪಡೆಯುತ್ತಾರೆ, ಆತ ಮಲಗುತ್ತಾರೆ. ಎರಡು ದಿನಕ್ಕಿಂತ ಹೆಚ್ಚಾದರೆ ಆತ ತಮ್ಮ ಕಚೇರಿಯಲ್ಲಿ ಪಾಳಿ ಬದಲಿ ಕೇಳಬೇಕು. ಎರಡು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಆತನ ಮೊಬೈಲಿನಲ್ಲಿ ಶಾಲೆಯ ಮತ್ತು ಹೆಂಡತಿಯ ಸಂಖ್ಯೆ ನಿದ್ದೆಯಲ್ಲೂ ರಿಂಗಾಗುವಂತೆ ಅಲ್ಲೇ, ನನ್ನ ಮೇಜಿನ ಮುಂದೆಯೇ ಮಾಡಿಸಿದೆ. ಬ್ಯಾಂಕಿನಲ್ಲಿ ಬದಲಿ ಕೀಲಿದಾರರ ಫೋನ್ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು. ಅಜ್ಜಿ ಕಥೆ ಹೇಳಬಹುದು, ಗಂಜಿ ಮಾಡಬಹುದು, ಕೀಲಿ ಅವರಿಗಿಲ್ಲ.

ಈ ಕರಾರಿಗೆ ವನಿತಾ ಒಂದು ನೋಟ್‌ಪುಸ್ತಕವನ್ನೇ ಇಟ್ಟರು, ಸಹಿಯ ಕಾಲಂ ಸಮೇತ. ಮೂರು ವಾರ ನಡೆಯಿತು, ಆಮೇಲೆ ಅದರಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದರು. ಮಾತು ಮಾತ್ರ ಉಳಿಯಿತು. ಗ್ಯಾಸ್ ಬುಕ್ ಮಾಡುವುದಕ್ಕೂ ಈಗ “ಕೀಲಿ ಯಾರದು?” ಎಂದು ಕೇಳುತ್ತಾರಂತೆ.

ವನಿತಾ ಅವರಿಗೆ ನಿದ್ದೆಯೂ ಕೆಟ್ಟಿತ್ತು. ಅದಕ್ಕೆ ನಾನು ಒಂದು ಗಡುವು ಹಾಕಿದ್ದೆ. ನಾಲ್ಕು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಅಥವಾ ನೋಡುವ ಚಾಳಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ಮನೋವೈದ್ಯರನ್ನು ಕಾಣಲೇಬೇಕು ಎಂದು. ಬೇಕಾಗಲಿಲ್ಲ. ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಶಾಲೆಗೆ ಹೇಳಬೇಕೇ ಎಂದು ವನಿತಾ ಮೂರು ಸಲ ಕೇಳಿದರು. ನಾನು ಹೇಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆ ಮೂವರು ಮಕ್ಕಳು ಚೇತರಿಸಿಕೊಂಡಿದ್ದರು. ಈಗ ಹೇಳಿದರೆ ವನಿತಾ ಅವರ ಎದೆ ಹಗುರವಾಗಬಹುದು. ಆದರೆ ನಲವತ್ತು ಪೋಷಕರ ಗುಂಪಿನಲ್ಲಿ ಅದರ ಬೆಲೆ ತೆರುವವನು ಸುಹಾಸ. ಕೊನೆಗೆ ಅವರು ಗುಂಪಿನಲ್ಲಿ ಬರೆಯಲಿಲ್ಲ. ಮಾರ್ಚ್‌ನಲ್ಲಿ ಒಂದು ಶನಿವಾರ ತರಗತಿಯ ಶಿಕ್ಷಕಿಯನ್ನು ಒಬ್ಬರೇ ಕಂಡು ಹೇಳಿದರು. ಶಿಕ್ಷಕಿ ಏನೆಂದರು ಎಂದು ಕೇಳಿದೆ. “ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಸಲ ನನಗೊಂದು ಫೋನ್ ಮಾಡಿ ಎಂದರು.” ಆ ‘ಹೌದು, ತುಂಬ ಬೇಜವಾಬ್ದಾರಿ’ ಎಂಬ ಸಾಲನ್ನು ಅಳಿಸಲು ಹೋದರೆ ಅವಧಿ ಮೀರಿತ್ತು. ಅದು ಅಲ್ಲಿಯೇ ಇದೆ.

ಅತ್ತೆಗೆ ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಏಪ್ರಿಲ್‌ನಲ್ಲಿ, ಯುಗಾದಿಯ ಮರುದಿನ, ಒಬ್ಬಟ್ಟಿನ ಹೂರಣ ಉಳಿದದ್ದನ್ನು ಉಂಡೆ ಕಟ್ಟುತ್ತಿದ್ದಾಗ ಹೇಳಿದರಂತೆ. ಅತ್ತೆ ಕೈ ನಿಲ್ಲಿಸಲಿಲ್ಲ. “ಗೊತ್ತು. ಆ ದಿನ ಸಿಂಕಿನ ಪಕ್ಕದಲ್ಲಿ ಸಿರಪ್ಪಿನ ಮುಚ್ಚಳ ಅಂಟಂಟಾಗಿ ಬಿದ್ದಿತ್ತು. ಅವನು ಎದ್ದು ನೋಡಿದರೆ ನಿನ್ನನ್ನು ಬೈಯುತ್ತಾನೆ ಎಂದು ತೊಳೆದಿಟ್ಟೆ” ಎಂದರಂತೆ. ಅದನ್ನು ನನಗೆ ಹೇಳುವಾಗ ವನಿತಾ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಎಲ್ಲ ಗೊತ್ತಿದ್ದೇ ಆ ಮುದುಕಿ ಆಟೋ ಹತ್ತಿ ಹೋಗಿದ್ದರು.

ಒಟ್ಟು ಏಳು ಭೇಟಿ. ಜುಲೈನಲ್ಲಿ ಒಂದು ಸಂಜೆ ವನಿತಾ ಬೇರೆ ವಿಷಯಕ್ಕೆ, ಸಹೋದ್ಯೋಗಿಯೊಬ್ಬರಿಗೆ ನನ್ನ ಸಮಯ ಕೇಳಲು ಫೋನ್ ಮಾಡಿದರು. ಮಾತಿನ ಕೊನೆಗೆ ಹೇಳಿದರು: ಹಿಂದಿನ ವಾರ ಸುಹಾಸನಿಗೆ ಮಳೆಯಲ್ಲಿ ನೆನೆದು ಮೈ ಬಿಸಿಯಾಗಿತ್ತು. ಗಂಡನೇ ಎದ್ದು ಫ್ರಿಜ್ಜಿನ ಮೇಲೆ ಕೈಯಾಡಿಸಿ ಥರ್ಮಾಮೀಟರ್ ತೆಗೆದರೆ ಅದು ಆನ್ ಆಗಲಿಲ್ಲ. ಬ್ಯಾಟರಿ ಯಾವಾಗ ಮುಗಿದಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯಿಂದ ಇಸಿದುಕೊಂಡು ಬಂದರಂತೆ.